ಬಟ್ಟೆ ಐಚ್ಛಿಕ, ಟವೆಲ್ ಕಡ್ಡಾಯ

ಕಾರವಾರದ ಬೈತಖೋಲ ಬಂದರಿನ ಹತ್ತಿರ ಇವತ್ತು ಹಳೆಯ ಗೆಳೆಯ ಸಿಕ್ಕಿದ್ದ. ಹಡಗಿನ ಅಡುಗೆಯವನು. ಈ ಸಲ ಕೆರಿಬಿಯನ್ ಕಡೆ ಒಂದು ಚಿಕ್ಕ ಹಾಯಿಹಡಗಿನಲ್ಲಿದ್ದನಂತೆ. ಪ್ರಯಾಣಿಕರು ಬಟ್ಟೆ ಹಾಕಿದರೂ ಸೈ, ಹಾಕದಿದ್ದರೂ ಸೈ.

ನನಗೆ ಹೊಳೆದದ್ದು ಒಂದೇ ಪ್ರಶ್ನೆ: "ಕೂರುವುದು ಹೇಗೆ ಮಾರಾಯ?"

"ಟವೆಲ್!" ಎಂದ. ಬೆಂಚಿರಲಿ, ಕುರ್ಚಿಯಿರಲಿ, ತಮ್ಮ ಟವೆಲ್ ಹಾಸಿಕೊಂಡೇ ಕೂರಬೇಕು. ಎಲ್ಲರ ಹೆಗಲ ಮೇಲೂ ಅದೊಂದು, ನಮ್ಮ ಭಟ್ಟರ ಶಲ್ಯದ ಹಾಗೆ. ಬಂದರಿಗೆ ಬಂದಾಗ ಬಟ್ಟೆ ತೊಡಲೇಬೇಕು. ಸಿಬ್ಬಂದಿಗೆ ಯಾವಾಗಲೂ ಸಮವಸ್ತ್ರ. ಕುದಿಯುವ ಎಣ್ಣೆಯ ಮುಂದೆ ನಿಲ್ಲುವವನಿಗೆ ಅದೇ ಕ್ಷೇಮ ಬಿಡಿ. ಹುಮ್ಮಸ್ಸಿನಿಂದ ಹಾಯಿಯ ಹಗ್ಗ ಎಳೆಯಲು ಬಂದವರು, ಹಗ್ಗ ಒಮ್ಮೆ ಹೊಟ್ಟೆಗೆ ಉಜ್ಜಿದೊಡನೆ ತಾವಾಗಿಯೇ ಅಂಗಿ ಹುಡುಕುತ್ತಾರಂತೆ. ಬಿಸಿಲು ಕಾಣದ ಜಾಗಗಳೇ ಮೊದಲು ಸುಡುತ್ತವಂತೆ. ವಿವರ ಬೇಡ.

ಮೊದಮೊದಲು ಕಣ್ಣು ಎಲ್ಲಿಡುವುದೆಂದೇ ತಿಳಿಯುತ್ತಿರಲಿಲ್ಲವಂತೆ. ಆಮೇಲೆ ಯಾರಿಗೆ ಖಾರ ಆಗದು, ಯಾರು ಮೀನು ತಿನ್ನುವುದಿಲ್ಲ ಎಂಬುದಷ್ಟೇ ನೆನಪಿರುತ್ತಿತ್ತು. ನನಗೆ ಇದು ನಂಬುವಂತಹದ್ದೇ ಅನ್ನಿಸಿತು. ಟಾಗೋರ್ ಕಡಲತೀರದಲ್ಲಿ ಸೀರೆಯುಟ್ಟೇ ಅಲೆಗಿಳಿಯುವವರನ್ನು ನಾವು ತಿರುಗಿ ನೋಡುತ್ತೇವೆಯೇ?

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅವಳ ಚಿಂತೆಯೇ ಬೇರೆ: "ಅಷ್ಟು ಗಾಳಿಗೆ ಥಂಡಿ ಆಗುವುದಿಲ್ಲವೇ ಅವರಿಗೆ?"