ಅವ್ವನನ್ನು ಕೇಳದೆ ಮಲಗುವುದು

ಅಕ್ಕ ಬಾಣಂತನಕ್ಕೆಂದು ಧಾರವಾಡದ ನಮ್ಮ ಮನೆಗೆ ಬಂದಿದ್ದಾಗ, ಒಂದು ಬೆಳಿಗ್ಗೆ ನಾನು ಈಳಿಗೆಯ ಮುಂದೆ ಕುಳಿತು ಮುಳಗಾಯಿ ಹೆಚ್ಚುತ್ತಿದ್ದೆ. ಎರಡು ಮಾರು ದೂರದಲ್ಲಿ ಕೌದಿಯ ಮೇಲೆ ಕೂಸು ಮಲಗಿತ್ತು. ಈ ಈಳಿಗೆಯಿಂದ ನಾನೇ ಕೂಸಿಗೆ ಏನಾದರೂ ಮಾಡಿಬಿಟ್ಟರೆ ಎಂಬ ಯೋಚನೆ ಎಲ್ಲಿಂದಲೋ ಬಂದು ಎದೆ ನಡುಗಿಸಿತು. ಹೋಳುಗಳನ್ನು ಅಲ್ಲಿಯೇ ಬಿಟ್ಟು ಎದ್ದವಳು ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಈಳಿಗೆಯನ್ನು ಮುಟ್ಟಲಿಲ್ಲ, ಕೂಸನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಗೀಳು ಕಾಯಿಲೆಯೆಂದರೆ ಪದೇ ಪದೇ ಕೈ ತೊಳೆಯುವುದು ಎಂದಷ್ಟೇ ತಿಳಿದಿದ್ದ ನನಗೆ ಹೀಗೆ ಬೇಡದ ಯೋಚನೆ ಬಂದು ಕಾಡುವುದೂ ಅದೇ ಎಂದು ಹೊಳೆಯಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅವ್ವನ ಹಾಸಿಗೆಯ ಬಳಿ ಹೋಗಿ, “ಯವ್ವಾ, ಅವತ್ತ ನಾ ಕೂಸಿಗೆ ಏನೂ ಮಾಡಿಲ್ಲಲ್ಲ?” ಎಂದು ಕೇಳುತ್ತಿದ್ದೆ. “ಇಲ್ಲವಾ, ನೀ ಏನೂ ಮಾಡಿಲ್ಲ, ಮಲ್ಕೋ” ಎನ್ನುತ್ತಿದ್ದಳು. ಅರ್ಧ ಗಂಟೆ ಸಮಾಧಾನವಾಗುತ್ತಿತ್ತು. ಆಮೇಲೆ ಅವ್ವನಿಗೆ ಎಲ್ಲವನ್ನೂ ಬಿಚ್ಚಿ ಹೇಳಿದೆನೋ ಇಲ್ಲವೋ ಎಂಬ ಅನುಮಾನ ಹುಟ್ಟಿ ಮತ್ತೆ ಎಬ್ಬಿಸುತ್ತಿದ್ದೆ. ಶನಿವಾರ ನುಗ್ಗಿಕೇರಿ ಹನುಮಪ್ಪನ ಗುಡಿಯಲ್ಲಿ ಮಾಡದ ತಪ್ಪಿಗೆ ತಪ್ಪು ಕಾಣಿಕೆ ಹಾಕಿ ಬರುತ್ತಿದ್ದೆ.

ಬೆಳಗಾವಿ ರಸ್ತೆಯಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಅನ್ನು ನಮ್ಮಲ್ಲಿ ಹಲವರು ಇಂದಿಗೂ ಹುಚ್ಚರ ಆಸ್ಪತ್ರೆ ಎನ್ನುತ್ತಾರೆ. ಆ ಹೆಸರಿಗೆ ಹೆದರಿಯೇ ಅಷ್ಟು ದಿನ ಕಳೆದೆ, ಕೊನೆಗೆ ಹೋದೆ. (ಗೇಟು ದಾಟುವ ಧೈರ್ಯ ಬಾರದವರು ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.) ಇಂಥ ಯೋಚನೆಗಳು ಕಾಯಿಲೆ ಇಲ್ಲದವರಿಗೂ ಬರುತ್ತವೆ, 1978ರಲ್ಲಿ ರಾಕ್‌ಮನ್ ಮತ್ತು ಡಿ ಸಿಲ್ವ ಎಂಬ ಸಂಶೋಧಕರು ವಿಚಾರಿಸಿದಾಗ ಸಾಮಾನ್ಯ ಜನರಲ್ಲಿ ಸುಮಾರು 80 ಶೇಕಡಾ ಮಂದಿ ತಮಗೂ ಬರುತ್ತವೆ ಎಂದಿದ್ದರು ಎಂದು ವೈದ್ಯರು ಹೇಳಿದಾಗ ನಾನು ಅಲ್ಲಿಯೇ ಅತ್ತುಬಿಟ್ಟೆ. ಕಾಯಿಲೆ ಇಲ್ಲದವರು ಅಂಥ ಯೋಚನೆಯನ್ನು ಬಂದ ಹಾಗೆಯೇ ಹೋಗಲು ಬಿಡುತ್ತಾರೆ. ನಾನು ಅದನ್ನು ನನ್ನ ಸ್ವಭಾವಕ್ಕೆ ಸಾಕ್ಷಿಯೆಂದು ಹಿಡಿದುಕೊಂಡಿದ್ದೆ. ಸರ್ಟ್ರಾಲಿನ್ ಮಾತ್ರೆ ಗೀಳಿನ ಮೇಲೆ ಕೆಲಸ ಮಾಡಲು 8ರಿಂದ 12 ವಾರ ಬೇಕಾಗಬಹುದೆಂದು ಮೊದಲೇ ತಿಳಿಸಿದ್ದರಿಂದ ನಡುವೆ ಬಿಡಲಿಲ್ಲ.

ಮಾತ್ರೆಗಿಂತ ಕಷ್ಟವಾದದ್ದು ಮೌನ. ನನ್ನ ಪ್ರಶ್ನೆಯೂ ಕೈ ತೊಳೆಯುವುದರಂಥದ್ದೇ, ಪ್ರತಿ ಉತ್ತರವೂ ಕಾಯಿಲೆಗೆ ಹಾಕುವ ತುತ್ತು ಎಂದು ವೈದ್ಯರು ಅವ್ವನನ್ನು ಕೂರಿಸಿಕೊಂಡು ವಿವರಿಸಿದ್ದರು. ಆ ರಾತ್ರಿ ನಾನು ಕೇಳಿದೆ. “ಅದನ್ನ ನಾ ಹೇಳಂಗಿಲ್ಲವಾ” ಎಂದು ಅವ್ವ ಗೋಡೆಯ ಕಡೆಗೆ ಹೊರಳಿದಳು. ಬೆಳಗಿನ ಜಾವದವರೆಗೂ ಆಕೆಯ ಬಳೆಗಳ ಸದ್ದು ಕೇಳುತ್ತಲೇ ಇತ್ತು, ಆಕೆಯೂ ಮಲಗಿರಲಿಲ್ಲ.

ವಾರಗಳು ಕಳೆದಂತೆ ಯೋಚನೆ ಬಂದರೂ ಎದೆ ಹೊಡೆದುಕೊಳ್ಳುವುದು ಕಡಿಮೆಯಾಯಿತು. ಆಗ ಗೀಳು ಹೊಸ ಮಾತು ತೆಗೆಯಿತು: ಹೆದರಿಕೆಯೂ ಆಗುತ್ತಿಲ್ಲವೆಂದರೆ ನೀನು ನಿಜವಾಗಿಯೂ ಕ್ರೂರಿ. ಚೇತರಿಕೆಯನ್ನೇ ಅಪರಾಧವೆಂದು ತೋರಿಸುವ ಈ ಘಟ್ಟದ ಬಗ್ಗೆ ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ಒಳ್ಳೆಯದಿತ್ತು, ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಆದರೆ ಕಾಯಿಲೆ ಹುಟ್ಟಿಸಿದ್ದಲ್ಲದ ನೋವೂ ಒಂದಿತ್ತು. ತನ್ನ ಮಗಳೆಂದರೆ ನನಗೆ ಆಗದು ಎಂದುಕೊಂಡು ಅಕ್ಕ ಮೂರನೆಯ ತಿಂಗಳಿಗೇ ಗದಗಕ್ಕೆ ಹಿಂದಿರುಗಿದ್ದಳು. ಅವಳಿಗೆ ಎಲ್ಲವನ್ನೂ ಹೇಳಬೇಕೆಂದಾಗ, ಒಂದು ಸಲ ಹೇಳಿ, ಎರಡನೆಯ ಸಲ ಹೇಳಬೇಕೆನಿಸಿದರೆ ಅದು ಗೀಳಿನ ಒತ್ತಾಯವೆಂದು ತಿಳಿಯಿರಿ ಎಂದರು ವೈದ್ಯರು. ಒಂದೇ ಸಲ ಹೇಳಿದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, “ಮೊದಲ ಯಾಕ ಹೇಳ್ಲಿಲ್ಲ?” ಎಂದಳು. ಅವಳು ಕ್ಷಮಿಸಿದಳೋ ಇಲ್ಲವೋ ಎಂದು ಮತ್ತೆ ಕೇಳಲಿಲ್ಲ. ಕೇಳದೆ ಉಳಿದದ್ದಕ್ಕೆ ನನಗೆ ನಾಲ್ಕೈದು ದಿನ ಊಟ ಸೇರಲಿಲ್ಲ.

ಈ ಸಲ ನಾಗರ ಪಂಚಮಿಗೆ ಅಕ್ಕ ಬಂದಿದ್ದಳು. ಮಗಳಿಗೀಗ ಮೂರು ವರ್ಷ. ಹಿತ್ತಲಿನ ಜೋಕಾಲಿಯಲ್ಲಿ ಕೂತು, ಕೈಯಲ್ಲಿ ಶೇಂಗಾ ಉಂಡಿ ಹಿಡಿದು, “ಚಿಗವ್ವಾ, ಜೋರ ತೂಗು” ಎಂದಳು. ಇವಳನ್ನು ಬೇಕೆಂದೇ ಬೀಳಿಸಿಬಿಟ್ಟರೆ ಎಂಬ ಯೋಚನೆ ಬಂತು. ಬರಲಿ ಎಂದು ಬಿಟ್ಟು, ಅವಳು ಸಾಕೆನ್ನುವವರೆಗೂ ತೂಗಿದೆ. ಆ ರಾತ್ರಿ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು, ಕೇಳಲಿಲ್ಲ. ಪಕ್ಕದಲ್ಲಿ ಬಳೆಗಳ ಸದ್ದಿರಲಿಲ್ಲ. ಅವ್ವನಿಗೆ ಆಗಲೇ ನಿದ್ದೆ ಹತ್ತಿತ್ತು.