ಜಾತಿನಾಯಿಯ ಬೆಲೆ ವಿಚಾರಿಸುವ ಮುನ್ನ

ಮಕ್ಕಳ ಹಟಕ್ಕೋ, ಹೊಸ ಮನೆಗೆ ಕಾವಲು ಬೇಕೆಂದೋ ನಾಯಿ ಸಾಕಲು ಮನಸ್ಸು ಮಾಡಿದ ಪರಿಚಯಸ್ಥರು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಲ್ಯಾಬ್ರಡಾರ್ ತರುವುದೋ ಪಗ್ ತರುವುದೋ ಎಂಬುದು. ಎರಡೂ ಬೇಡ, ಆಶ್ರಯ ಕೇಂದ್ರದಲ್ಲಿರುವ, ವರ್ಷ ದಾಟಿದ ನಾಡ ನಾಯಿಯನ್ನು, ಸಾಧ್ಯವಾದರೆ ಹೆಣ್ಣನ್ನೇ ದತ್ತು ತನ್ನಿ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ನಾನು ದಯೆ ಧರ್ಮದ ಉಪದೇಶಕ್ಕೆ ಇಳಿದೆನೆಂದು ಅವರು ಭಾವಿಸುತ್ತಾರೆ. ದಯೆಯ ಮಾತು ಆಮೇಲೆ ಬರಲಿ. ನಾನು ಹೇಳುತ್ತಿರುವುದು ಲೆಕ್ಕಾಚಾರದ ಮಾತು.

ದುಡ್ಡು ಕೊಟ್ಟು ತಂದ ಮರಿಗೆ ಒಂದು ಖಾತ್ರಿ ಇರುತ್ತದೆ ಎಂಬುದು ದಾವಣಗೆರೆಯಲ್ಲಿ ನಾನು ಕಂಡ ಬಹುತೇಕರ ನಂಬಿಕೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ಮರಿ ದುಂಡುದುಂಡಾಗಿ ಕಾಣುತ್ತದೆ, ಮುಂಗಡ ಹೋಗುತ್ತದೆ, ಒಂದು ಬೆಳಗಿನ ಜಾವ ರಟ್ಟಿನ ಪೆಟ್ಟಿಗೆಯೊಂದು ಬಸ್ಸಿನಿಂದ ಇಳಿಯುತ್ತದೆ. ಒಳಗಿರುವ ಮರಿಗೆ ತಿಂಗಳು ತುಂಬಿ ಹೆಚ್ಚು ದಿನಗಳಾಗಿರುವುದಿಲ್ಲ. ಚಿಕ್ಕದಿದ್ದಷ್ಟೂ ಬೇಗ ಹೊಂದಿಕೊಳ್ಳುತ್ತದೆ ಎಂದು ಮಾರುವವರು ಹೇಳುತ್ತಾರಾದರೂ, ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ ಆಡುತ್ತ, ಕಚ್ಚಿಸಿಕೊಳ್ಳುತ್ತ, ಎಷ್ಟು ಕಚ್ಚಿದರೆ ನೋಯುತ್ತದೆ ಎಂಬುದನ್ನು ಕಲಿಯಬೇಕಾದ ವಾರಗಳಲ್ಲೇ ಅದನ್ನು ಎತ್ತಿ ತಂದಿರುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ಪಾರ್ವೊ ಎಂಬ ವೈರಸ್ಸಿನದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇಳಿಯುತ್ತಿರುವ, ಲಸಿಕೆಯ ಬಲ ಇನ್ನೂ ಪೂರ್ತಿ ಬಾರದ ವಯಸ್ಸಿನಲ್ಲಿ ಅದು ಮರಿಯನ್ನು ಹಿಡಿಯುತ್ತದೆ. ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ವಾಂತಿ ಮತ್ತು ರಕ್ತಭೇದಿ ಕಾಣಿಸಿಕೊಳ್ಳುವುದರಿಂದ, ಮಾರುವವರ ಕೈಯಲ್ಲಿ ಚೂಟಿಯಾಗಿದ್ದ ಮರಿ ಮಲಗಿಬಿಡುವುದು ಕೊಂಡವರ ಮನೆಯಲ್ಲಿ. ಅಷ್ಟೇ ಅಲ್ಲ, ಆ ವೈರಸ್ಸು ನೆಲದಲ್ಲಿ, ಹಾಸಿಗೆಯಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ದುಃಖ ಮರೆಯಲೆಂದು ಕೂಡಲೇ ತಂದ ಎರಡನೆಯ ಮರಿಯೂ ಅದೇ ದಾರಿ ಹಿಡಿಯಬಹುದು. ತಳಿಯ ದೋಷಗಳು ಇನ್ನೂ ತಡವಾಗಿ ಹೊರಬೀಳುತ್ತವೆ: ಚಪ್ಪಟೆ ಮೂತಿಯ ಪಗ್ ಬೇಸಿಗೆಯಲ್ಲಿ ಉಸಿರಿಗೆ ಒದ್ದಾಡುವುದು, ಜರ್ಮನ್ ಶೆಫರ್ಡಿನ ಸೊಂಟದ ಕೀಲು ಸಡಿಲವಾಗುವುದು. ಹಿಮದ ನಾಡಿನ ಹಸ್ಕಿಯನ್ನು ಏಪ್ರಿಲ್ ತಿಂಗಳಿನಲ್ಲಿ ಪಿ.ಬಿ. ರಸ್ತೆಯ ಪಕ್ಕ ನಡೆಸಿಕೊಂಡು ಹೋಗುವವರನ್ನು ಕಂಡಾಗ ಏನು ಹೇಳಬೇಕೋ ನನಗೆ ತಿಳಿಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 2017ರಲ್ಲಿ ನಾಯಿಗಳ ಸಂತಾನಾಭಿವೃದ್ಧಿ ಮತ್ತು ಮಾರಾಟದ ಬಗ್ಗೆ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ಬಗ್ಗೆ ಕೇಂದ್ರ ಸರ್ಕಾರ ನಿಯಮಗಳನ್ನು ತಂದಿದೆ. ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ತಾಯಿಗೆ ಹದಿನೆಂಟು ತಿಂಗಳು ತುಂಬಿರಬೇಕು, ಅದರ ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಆಗಬಾರದು. ಆದುದರಿಂದ ಕೊಳ್ಳಲೇಬೇಕೆಂದು ಹೊರಟವರಿಗೂ ನನ್ನದೊಂದು ಸಲಹೆಯಿದೆ: ನೋಂದಣಿ ಪತ್ರವನ್ನು ಕೇಳಿ, ಜೊತೆಗೆ ತಾಯಿಯನ್ನು ತೋರಿಸಿ ಎನ್ನಿ. ತಾಯಿ ಊರಿನಲ್ಲಿದೆ, ತೋಟದಲ್ಲಿದೆ, ಅಪರಿಚಿತರನ್ನು ಕಂಡರೆ ಆಗುವುದಿಲ್ಲ ಎಂಬ ಉತ್ತರ ಬಂದರೆ, ಮರಿಗಳ ಮೇಲೆ ಮರಿ ಹಾಕಿ ಮೊಲೆ ಜೋತುಬಿದ್ದ, ಬೋನಿನಿಂದ ಹೊರಗೇ ಬಾರದ ಜೀವವೊಂದು ಎಲ್ಲೋ ಇದೆಯೆಂದು ಊಹಿಸಬಹುದು.

ಈಗ ಆಶ್ರಯ ಕೇಂದ್ರದ ಮಾತಿಗೆ ಬರೋಣ. ಅದನ್ನು ದೊಡ್ಡ ಸಂಸ್ಥೆಯೆಂದು ಕಲ್ಪಿಸಿಕೊಂಡು ಹೋದರೆ ನಿರಾಶೆಯಾದೀತು. ನಮ್ಮ ಕಡೆ ಅದು ಸಾಮಾನ್ಯವಾಗಿ ಊರ ಹೊರಗಿನ ಒಂದು ತಗಡಿನ ಶೆಡ್ಡು, ಒಂದು ಸಿಮೆಂಟಿನ ತೊಟ್ಟಿ, ಕೈಯಿಂದ ಖರ್ಚು ಹಾಕಿಕೊಂಡು ಓಡಾಡುವ ನಾಲ್ಕಾರು ಹುಡುಗ ಹುಡುಗಿಯರು. ಆದರೆ ಖಾತ್ರಿ ಎನ್ನುವುದು ಸಿಗುವುದು ಅಲ್ಲಿ. ವರ್ಷ ದಾಟಿದ ನಾಯಿಯ ಎತ್ತರ, ಕೂದಲು, ಸ್ವಭಾವ ಎಲ್ಲವೂ ಆಗಲೇ ಕಣ್ಣಮುಂದಿರುತ್ತವೆ. ಮರಿಗಳನ್ನು ಕೊಲ್ಲುವ ರೋಗಗಳ ವಯಸ್ಸನ್ನು ಅದು ದಾಟಿರುತ್ತದೆ, ರೇಬಿಸ್ ಲಸಿಕೆಯೂ ಸಂತಾನಹರಣ ಶಸ್ತ್ರಚಿಕಿತ್ಸೆಯೂ ಬಹುಪಾಲು ಮುಗಿದಿರುತ್ತವೆ. ಯಾವುದು ಮಕ್ಕಳನ್ನು ಕಂಡರೆ ಬಾಲವಾಡಿಸುತ್ತದೆ, ಯಾವುದು ತಟ್ಟೆಗೆ ಕೈ ಹಾಕಿದರೆ ಗುರ್ ಎನ್ನುತ್ತದೆ ಎಂಬುದನ್ನು ದಿನವೂ ಅನ್ನ ಹಾಕುವವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಏಕೆಂದರೆ ನಾಯಿ ವಾಪಸು ಬಂದರೆ ಅದನ್ನು ಮತ್ತೆ ಸಾಕಬೇಕಾದವರು ಅವರೇ.

ನಮ್ಮ ಮನೆಯ ಕೆಂಚಿ ಬಂದದ್ದು ಹೀಗೆಯೇ. ಸಂತಾನಹರಣ ಚಿಕಿತ್ಸೆಯಾದ ಗುರುತಿಗೆ ಎಡಗಿವಿಯ ತುದಿ ಕತ್ತರಿಸಿದ, ಹಿಂಗಾಲಿನಲ್ಲಿ ಹಳೆಯ ಗಾಯದ ಕಲೆಯಿದ್ದ ಕಂದು ಬಣ್ಣದ ಹೆಣ್ಣುನಾಯಿ. ಮೊದಮೊದಲು ಅದು ಮೆಟ್ಟಿಲು ಹತ್ತುತ್ತಿರಲಿಲ್ಲ. ಮುಂಗಾಲುಗಳನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಮೇಲೇನಿದೆಯೋ ಎಂದು ಮೂಸಿ, ಹಿಂದೆ ಸರಿಯುತ್ತಿತ್ತು. ಕುಕ್ಕರ್ ಕೂಗಿದರೆ ಅವ್ವನ ಮಂಚದಡಿ ಸೇರುತ್ತಿತ್ತು. ತಟ್ಟೆಯಲ್ಲಿ ಹಾಕಿದ ಮೊಸರನ್ನವನ್ನು ನಾವು ನೋಡುತ್ತಿರುವಾಗ ಮುಟ್ಟುತ್ತಿರಲಿಲ್ಲ. ಯಾರೂ ಅದನ್ನು ಎಳೆದಾಡಲಿಲ್ಲ, ಅದು ತಾನಾಗಿಯೇ ಮನೆಯ ಹೊತ್ತುಗೊತ್ತನ್ನು ಕಲಿಯಿತು. ಈಗ ಕುಂದವಾಡ ಕೆರೆಯ ಏರಿಯ ಮೇಲೆ ಬೆಳಗ್ಗೆ ನನ್ನ ಜೊತೆ ನಡೆಯುವಾಗ, ಅಕ್ಕಪಕ್ಕದವರ ಜಾತಿನಾಯಿಗಳು ಹಗ್ಗ ಜಗ್ಗುತ್ತಿದ್ದರೆ ಇದು ಪಕ್ಕದಲ್ಲೇ ಹೆಜ್ಜೆ ಹಾಕುತ್ತದೆ. "ಯಾವ ಜಾತಿ ಸರ್, ಎಷ್ಟು ಕೊಟ್ರಿ?" ಎಂದು ಕೇಳುವವರಿಗೆ ಊರಿಂದು, ಪುಕ್ಕಟೆ ಸಿಕ್ಕಿತು ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೀದಿಯಲ್ಲಿ ಬೆಳೆದದ್ದಕ್ಕೆ ಬುದ್ಧಿ ಹೇಳಲಾಗದು, ನಾಯಿ ಬಾಲ ಡೊಂಕೇ ಎನ್ನುವವರಿಗೆ ನಾನು ಹೆಚ್ಚು ಉತ್ತರಿಸುವುದಿಲ್ಲ, ಬಂದು ನೋಡಿ ಎನ್ನುತ್ತೇನೆ. ಹೆಣ್ಣುನಾಯಿ ಬೇಡ ಎನ್ನುವವರ ವಿಷಯ ಬೇರೆ. ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗೇಟಿನ ಮುಂದೆ ಗಂಡುನಾಯಿಗಳ ಸಂತೆ ನೆರೆಯುತ್ತದೆ, ಮರಿ ಹಾಕಿದರೆ ಯಾರಿಗೆ ಕೊಡುವುದು ಎಂಬ ಅವರ ಅಂಜಿಕೆ ಸುಳ್ಳಲ್ಲ. ಆದರೆ ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಅವೊಂದೂ ಅನ್ವಯಿಸುವುದಿಲ್ಲ. ಈ ಅಂಜಿಕೆಯಿಂದಲೇ ಕಣ್ಣು ಬಿಡುವ ಮುನ್ನ ಹೆಣ್ಣುಮರಿಗಳನ್ನು ಆರಿಸಿ ಗೋಣಿಚೀಲದಲ್ಲಿ ಕಟ್ಟಿ ಮಾರುಕಟ್ಟೆಯ ಹಿಂದೆ ಬಿಟ್ಟು ಬರುವವರಿದ್ದಾರೆ. ಸಾಕಿದ ಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ಮೊದಲ ಸಲಕ್ಕೆ ಕಾಯ್ದೆ ಹೇಳುವ ದಂಡ ಹತ್ತರಿಂದ ಐವತ್ತು ರೂಪಾಯಿ, ಅಂದರೆ ನಮ್ಮೂರಿನ ಒಂದು ಬೆಣ್ಣೆದೋಸೆಯ ಬೆಲೆಯೂ ಅಲ್ಲ. ಮೈಲಾರಲಿಂಗನ ಒಕ್ಕಲಾಗಿ, ಆ ದೇವರ ದೀಕ್ಷೆ ಪಡೆದ ಗೊರವಯ್ಯನವರು ನಾಯಿಯಂತೆ ಬೊಗಳುತ್ತ, ದೋಣಿ ಎಂಬ ಪಾತ್ರೆಯಿಂದ ಉಣ್ಣುವ ದೋಣಿ ಸೇವೆ ಮಾಡುವಾಗ ಕೈಮುಗಿಯುವ ಮನೆಗಳಲ್ಲೂ ನಾಡ ನಾಯಿಯನ್ನು ಸಾಕುವುದು ಅಂತಸ್ತಿಗೆ ಕಡಿಮೆ ಎನಿಸಿರುವುದು ನನಗೆ ಇಂದಿಗೂ ವಿಚಿತ್ರವಾಗಿ ಕಾಣುತ್ತದೆ.

ಬೀದಿನಾಯಿಗಳ ಕಾಟದ ಬಗ್ಗೆ ಜನರಿಗಿರುವ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಕಚ್ಚಿಸಿಕೊಂಡ ಮಗುವಿನ ಮನೆಯವರ ಮುಂದೆ ಪ್ರಾಣಿದಯೆಯ ಭಾಷಣ ಮಾಡುವುದು ಸಲ್ಲ. ಆದರೆ ಬೀದಿಯ ಸಂಖ್ಯೆ ಇಳಿಯುವ ದಾರಿಗಳಲ್ಲಿ ದತ್ತು ಕೂಡ ಒಂದು. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್, ಪ್ರಾಣಿಪ್ರಿಯರು ಬೀದಿನಾಯಿಗಳನ್ನು ದತ್ತು ಪಡೆಯಲು ಸ್ಥಳೀಯ ಪಾಲಿಕೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮರಳಿ ಬೀದಿಗೆ ಬೀಳದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದೂ ಹೇಳಿದೆ. ಈ ಎರಡನೆಯ ಮಾತೇ ಮುಖ್ಯ.

ಆದ್ದರಿಂದ ಆಶ್ರಯದವರು ನೂರೆಂಟು ಪ್ರಶ್ನೆ ಕೇಳಿದರೆ ಬೇಸರಪಡಬಾರದು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಇದೆಯೇ, ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು, ಪ್ರತಿ ವರ್ಷ ರೇಬಿಸ್ ಚುಚ್ಚುಮದ್ದು ಹಾಕಿಸುವಿರಾ ಎಂದೆಲ್ಲ ವಿಚಾರಿಸುತ್ತಾರೆ, ಕೆಲವರು ಮನೆಗೂ ಬಂದು ನೋಡುತ್ತಾರೆ. ಮೊದಲ ಭೇಟಿಯಲ್ಲೇ ನಾಯಿಯನ್ನು ಕರೆತರಬೇಡಿ. ಎರಡನೆಯ ಸಲ ಮನೆಯ ಹಿರಿಯರನ್ನೂ ಕರೆದೊಯ್ಯಿರಿ, ಹಗಲೆಲ್ಲ ಅದರ ಜೊತೆ ಇರುವವರು ಅವರು. ತಂದ ಮೇಲೆ ಒಮ್ಮೆ ಪಶುವೈದ್ಯರಿಗೆ ತೋರಿಸಿ, ಜಂತುಹುಳುವಿನ ಔಷಧಿ ಹಾಕಿಸಿ, ರಕ್ತ ಹೀರುವ ಉಣ್ಣೆಹುಳು ಇದೆಯೇ ಎಂದು ಕಿವಿಯ ಒಳಮಗ್ಗುಲನ್ನೂ ಬೆರಳುಸಂದನ್ನೂ ನೋಡಿಸಿ. ಕಾಯಂ ಆಗಿ ಸಾಕಲು ಆಗದವರು ಶಸ್ತ್ರಚಿಕಿತ್ಸೆಯಾದ ನಾಯಿಯನ್ನು ಗಾಯ ಮಾಯುವವರೆಗೆ ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಅವಕಾಶವಿರುತ್ತದೆ. ಹೋಗುವಾಗ ಹಳೆಯ ಬೆಡ್‌ಶೀಟು, ಟವೆಲ್ಲುಗಳಿದ್ದರೆ ಒಯ್ಯಿರಿ. ಮಳೆಗಾಲದಲ್ಲಿ ಆ ಶೆಡ್ಡುಗಳಲ್ಲಿ ಅವು ಎಷ್ಟಿದ್ದರೂ ಸಾಲುವುದಿಲ್ಲ.