ಹಲ್ಲಲ್ಲಿ ಟ್ಯೂಬ್ ಕಚ್ಚಿಕೊಂಡು ಬೆಟ್ಟ ಹತ್ತಿದವನು

ಒಂದು ಹಳೇ ಕಪ್ಪು ಬಿಳುಪು ಫೋಟೋ ಸೈಕಲ್ ಗ್ರೂಪುಗಳಲ್ಲಿ ಆಗಾಗ ಓಡಾಡುತ್ತಿರುತ್ತದೆ. ಏರು ಹತ್ತುತ್ತಿರುವ ಬೋಳುತಲೆಯ ಒಬ್ಬ ಸೈಕ್ಲಿಸ್ಟ್. ಹ್ಯಾಂಡಲಿಗೆ ಒಂದು ರಬ್ಬರ್ ಟ್ಯೂಬ್ ಕಟ್ಟಿದೆ, ಅದರ ಇನ್ನೊಂದು ತುದಿ ಅವನ ಹಲ್ಲಲ್ಲಿದೆ. ಕೆಳಗೆ ಯಾರಾದರೂ 'ಛಲ ಬಿಡಬೇಡಿ' ಅಂತ ಬರೆದಿರುತ್ತಾರೆ. ಅವನು ಯಾರು, ಟ್ಯೂಬ್ ಯಾಕೆ ಅಂತ ಯಾರೂ ಬರೆಯೋದಿಲ್ಲ.

ಅವನು ಫಿಯೊರೆಂಜೊ ಮಾನ್ಯಿ. ಹುಟ್ಟಿದ್ದು 1920ರಲ್ಲಿ, ಪ್ರಾತೊ ಹತ್ತಿರದ ವಯಾನೊದಲ್ಲಿ. ಇಟಲಿಯ ಸೈಕ್ಲಿಂಗಿನಲ್ಲಿ ಅವನನ್ನು 'ಮೂರನೆಯವನು' ಅಂತಾನೇ ಕರೆದರು. ಮೊದಲಿಬ್ಬರು ಫೌಸ್ತೊ ಕೊಪ್ಪಿ ಮತ್ತು ಜಿನೊ ಬಾರ್ತಲಿ. ಅಂಥ ಇಬ್ಬರ ಕಾಲದಲ್ಲಿ ಹುಟ್ಟಿಯೂ ಮೂರು ಸಲ ಜಿರೊ ದಿತಾಲಿಯಾ ಗೆದ್ದವನು ಇವನು. ಜಿರೊ ಅಂದರೆ ಸುಮಾರು ಮೂರು ವಾರ ಇಟಲಿ ಸುತ್ತುವ ರೇಸ್, ದಿನಕ್ಕೊಬ್ಬ ಗೆದ್ದರೂ ಎಲ್ಲ ದಿನ ಸೇರಿ ಕಡಿಮೆ ಸಮಯ ತೆಗೆದುಕೊಂಡವನಿಗೇ ಜಿರೊ.

ನನ್ನ ಮಟ್ಟಿಗೆ ಇವನ ಬಂಡವಾಳ ಛಲಕ್ಕಿಂತ ಜಾಸ್ತಿ ಲೆಕ್ಕಾಚಾರ. ದೊಡ್ಡ ಬೆಟ್ಟಗಳಲ್ಲಿ ಕೊಪ್ಪಿ ಜೊತೆ ಹತ್ತೋಕೆ ಇವನಿಂದ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಮಾತ್ರ ಪ್ರಾಣದ ಹಂಗಿಲ್ಲದವನ ಹಾಗೆ ಇಳಿಯುತ್ತಿದ್ದ. ಉಳಿದದ್ದನ್ನು ತಲೆ ಓಡಿಸಿ ತುಂಬಿಕೊಂಡ. ಬೆಲ್ಜಿಯಂನ ಟೂರ್ ಆಫ್ ಫ್ಲಾಂಡರ್ಸ್ ಅಂದರೆ ಚಳಿ, ಮಳೆ, ಗಾಳಿ, ಕಲ್ಲುಹಾಸಿನ ರಸ್ತೆ. ಮಾನ್ಯಿ ಅದನ್ನು 1949, 50, 51 ಹೀಗೆ ಸತತ ಮೂರು ವರ್ಷ ಗೆದ್ದ. ಸತತ ಮೂರು ಸಲ ಗೆದ್ದವರು ಇವತ್ತಿಗೂ ಬೇರೆ ಯಾರೂ ಇಲ್ಲ.

1955ರ ಜಿರೊ ನೋಡಿ. ಒಟ್ಟು ಸಮಯದಲ್ಲಿ ಮುಂದಿರುವವನು ಹಾಕುವ ಗುಲಾಬಿ ಜೆರ್ಸಿ ಹುಡುಗ ಗಾಸ್ತೊನೆ ನೆಂಚೀನಿ ಮೈಮೇಲಿದೆ. ಕೊನೆಗೆ ಉಳಿದಿರೋದು ಎರಡೇ ದಿನ. ದಾರಿಯಲ್ಲಿ ಒಂದು ಕಡೆ ರಸ್ತೆ ಕೆಟ್ಟು ಬರೀ ಕಲ್ಲುಮಣ್ಣು ಅನ್ನೋದು ಮಾನ್ಯಿಗೆ ಮೊದಲೇ ಗೊತ್ತಿತ್ತು. ಗಟ್ಟಿ ಟೈರ್ ಹಾಕಿಸಿಕೊಂಡು ಬಂದ. ಅಲ್ಲಿಗೆ ಬರುತ್ತಿದ್ದ ಹಾಗೆ ಜೋರಾಗಿ ತುಳಿದ, ನೆಂಚೀನಿ ಪಂಕ್ಚರ್ ಆಗಿ ನಿಂತ. ಮಾನ್ಯಿ ಜೊತೆ ಹೋದದ್ದು ಕೊಪ್ಪಿ ಒಬ್ಬನೇ. ಆ ದಿನದ ಗೆಲುವು ಕೊಪ್ಪಿಗೆ, ಜಿರೊ ಮಾನ್ಯಿಗೆ. ಇಬ್ಬರ ನಡುವೆ ಇದ್ದದ್ದು 13 ಸೆಕೆಂಡ್. ಆಗ ಮಾನ್ಯಿಗೆ 34 ವರ್ಷ.

ಟೀಮಿಗೆ ದುಡ್ಡು ತಂದದ್ದೂ ಇದೇ ತಲೆಯಿಂದ. ಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ವೆಸ್ಪಾ, ಲ್ಯಾಂಬ್ರೆಟಾ ಬಂದವು, ಟೀಮುಗಳಿಗೆ ದುಡ್ಡು ಹಾಕುತ್ತಿದ್ದ ಸೈಕಲ್ ಕಂಪನಿಗಳ ಕೈ ಖಾಲಿಯಾಯಿತು. 1954ರಲ್ಲಿ ಮಾನ್ಯಿ ಹೋಗಿ ನಿವಿಯಾ ಕ್ರೀಮಿನವರನ್ನು ಒಪ್ಪಿಸಿದ. ಇವತ್ತು ಸೂಪರ್‌ಮಾರ್ಕೆಟ್, ಬ್ಯಾಂಕ್, ಲಾಟರಿ ಎಲ್ಲದರ ಹೆಸರೂ ಜೆರ್ಸಿ ಮೇಲಿದೆ, ಅಲ್ವಾ? ಇಟಲಿಯಲ್ಲಿ ಆ ದಾರಿ ತೆರೆದವನು ಇವನೇ.

ಹಾಗಂತ ಪೂಜೆ ಮಾಡುವ ಮನುಷ್ಯನೂ ಅಲ್ಲ. ಯುದ್ಧದ ಕಾಲದಲ್ಲಿ ಫ್ಯಾಸಿಸ್ಟರ ಕಡೆ ನಿಂತಿದ್ದ. ಆಮೇಲೆ ಕೋರ್ಟಿನಲ್ಲಿ ವಿಚಾರಣೆ ಆಯಿತು, ಜೈಲಿಗೆ ಹೋಗದೆ ಹೊರಬಂದ. ಆದರೆ ಜನ ಮರೆಯಲಿಲ್ಲ. 1948ರ ಜಿರೊದಲ್ಲಿ ಪೊರ್ದೊಯ್ ಬೆಟ್ಟದಲ್ಲಿ ಅವನ ಕಡೆಯ ಜನ ಬೆನ್ನಿಗೆ ಕೈಕೊಟ್ಟು ಅವನನ್ನು ಮೇಲಕ್ಕೆ ತಳ್ಳಿದರು. ದಂಡ ಬರೀ ಎರಡು ನಿಮಿಷ. ಕೊಪ್ಪಿ ಸಿಟ್ಟಾಗಿ ಟೀಮಿನ ಸಮೇತ ರೇಸ್ ಬಿಟ್ಟು ಹೋದ. ಮಾನ್ಯಿ 11 ಸೆಕೆಂಡಿನ ಅಂತರದಲ್ಲಿ ಗೆದ್ದ, ರೇಸ್ ಮುಗಿದ ಮಿಲಾನ್‌ನಲ್ಲಿ ಜನ ಶಿಳ್ಳೆ ಹೊಡೆದು ಅವಮಾನ ಮಾಡಿದರು. ನನ್ನ ಪ್ರಕಾರ ಆ ಜಿರೊ ಎರಡನೇ ಸ್ಥಾನದ ಎಜಿಯೊ ಚೆಕ್ಕಿಗೆ ಸೇರಬೇಕಿತ್ತು.

ಈಗ ಆ ಫೋಟೋ. 1956, ಅವನ ಕೊನೆಯ ಜಿರೊ. ವೊಲ್ತೆರಾ ಇಳಿಜಾರಿನಲ್ಲಿ ಬಿದ್ದು ಎಡಗಡೆ ಕಾಲರ್ ಬೋನ್ ಮುರಿಯಿತು. ಡಾಕ್ಟರು ಮನೆಗೆ ಹೋಗು ಅಂದರು. ಎಲಾಸ್ಟಿಕ್ ಬ್ಯಾಂಡೇಜ್ ಸುತ್ತಿಸಿಕೊಂಡು ಮಾರನೇ ದಿನ ಮತ್ತೆ ಹೊರಟ. ತೊಂದರೆ ಇದ್ದದ್ದು ಬೊಲೊನ್ಯದ ಸಾನ್ ಲೂಕಾ ಏರಿನಲ್ಲಿ. ಚಿಕ್ಕದು, ಆದರೆ ಗೋಡೆಯಂಥದ್ದು.

ಚಾಮುಂಡಿ ಬೆಟ್ಟ ಹತ್ತಿದವರಿಗೆ ಇದು ಗೊತ್ತಿರುತ್ತದೆ: ಏರಿನಲ್ಲಿ ತುಳಿಯೋದು ಕಾಲೊಂದೇ ಅಲ್ಲ. ಎಡಗಾಲು ಒತ್ತುವಾಗ ಎಡಗೈ ಹ್ಯಾಂಡಲನ್ನು ತನ್ನ ಕಡೆಗೆ ಎಳೆಯುತ್ತದೆ. ಇಲ್ಲದಿದ್ದರೆ ಒತ್ತಿದ ಬಲವೆಲ್ಲ ಸೈಕಲ್ ಓಲಾಡಿ ವ್ಯರ್ಥ. ನನ್ನ ಕಾಲರ್ ಬೋನ್ ಮುರಿದಿದ್ದಾಗ ಟೀ ಲೋಟ ಎತ್ತಿದರೂ ಕಣ್ಣಲ್ಲಿ ನೀರು ಬರುತ್ತಿತ್ತು. ಹ್ಯಾಂಡಲ್ ಎಳೆಯುವ ಮಾತು ಹಾಗಿರಲಿ. ಮಾನ್ಯಿಗೂ ಎಳೆಯೋಕೆ ಆಗಲಿಲ್ಲ. ಆಗ ಮೆಕ್ಯಾನಿಕ್ ಫಾಲಿಯೆರೊ ಮಾಸಿ ಒಂದು ಟ್ಯೂಬ್ ಕತ್ತರಿಸಿ ಹ್ಯಾಂಡಲಿಗೆ ಬಿಗಿದ. ಕೈ ಎಳೆಯದಿದ್ದರೆ ಬಾಯಿ ಎಳೆಯಲಿ, ಅಷ್ಟೇ. ಕತ್ತಿನ ಬಲ ಹಲ್ಲಿನ ಮೂಲಕ ಹ್ಯಾಂಡಲಿಗೆ. ಸುಮ್ನೆ ನೋಡಿದರೆ ಹುಚ್ಚಾಟ, ಕೂತು ಯೋಚಿಸಿದರೆ ಪಕ್ಕಾ ಮೆಕ್ಯಾನಿಕ್ ಕೆಲಸ.

ಆದರೆ ಬ್ರೇಕ್ ಹಿಡಿಯೋಕೆ ಬಾಯಿ ಬರೋದಿಲ್ಲವಲ್ಲ. ರಪಾಲೊ ದಾರಿಯಲ್ಲಿ ಎಡಗೈ ಕೈಕೊಟ್ಟು ಮತ್ತೆ ಬಿದ್ದ, ಅದೇ ಕಡೆಯ ತೋಳಿನ ಮೂಳೆಯೂ ಮುರಿಯಿತು. ನೋವಿಗೆ ಪ್ರಜ್ಞೆ ತಪ್ಪಿತು. ಎಚ್ಚರವಾದಾಗ ಆಂಬುಲೆನ್ಸ್ ಒಳಗಿದ್ದ. ನಿಲ್ಲಿಸಿ ಅಂತ ಕೂಗಾಡಿ ಇಳಿದು ಮತ್ತೆ ಸೈಕಲ್ ಹತ್ತಿದ. ಈ ಭಾಗ ಓದಿದಾಗಲೆಲ್ಲ ನನಗೆ ಮೆಚ್ಚುಗೆಗಿಂತ ಸಿಟ್ಟೇ ಬರುತ್ತದೆ. ಯಾರಾದರೂ ಹಿಡಿದು ಕೂರಿಸಬೇಕಿತ್ತು.

ಜೂನ್ 8ರಂದು ಮೊಂತೆ ಬೊಂದೊನೆ ಬೆಟ್ಟ. ಮಳೆ ಹಿಮವಾಯಿತು. ಗುಲಾಬಿ ಜೆರ್ಸಿಯ ಪಾಸ್ಕ್ವಾಲೆ ಫೊರ್ನಾರಾ ಸೇರಿ ಡಜನ್‌ಗಟ್ಟಲೆ ಜನ ಬಿಟ್ಟುಹೋದರು. ಹದಿನಾರು ನಿಮಿಷ ಹಿಂದಿದ್ದ ಲಕ್ಸೆಂಬರ್ಗ್‌ನ ಶಾರ್ಲಿ ಗೋಲ್ ಹಿಮದಲ್ಲೇ ಹತ್ತಿ ಜಿರೊ ಗೆದ್ದುಕೊಂಡ. ಮುರಿದ ಭುಜ, ಮುರಿದ ತೋಳಿನ ಮಾನ್ಯಿ ಆ ದಿನ ಮೂರನೆಯವನು. ಮಿಲಾನ್‌ನಲ್ಲಿ ಎರಡನೆಯವನು, 3 ನಿಮಿಷ 27 ಸೆಕೆಂಡ್ ಹಿಂದೆ. ಆ ವರ್ಷವೇ ರೇಸಿಂಗ್ ನಿಲ್ಲಿಸಿದ.

ಆಮೇಲೆ ಮೊಂತ್ಸಾದಲ್ಲಿ ಕಾರು ಮಾರುವ ವ್ಯಾಪಾರ ನೋಡಿಕೊಂಡ. ಕೋಮೊ ಸರೋವರದ ಮೇಲಿನ ಗಿಸಾಲ್ಲೊ ಬೆಟ್ಟದಲ್ಲಿ ಸೈಕ್ಲಿಸ್ಟರ ಪುಟ್ಟ ಚರ್ಚ್ ಇದೆ. ಅದರ ಪಕ್ಕದಲ್ಲೇ ಸೈಕ್ಲಿಂಗ್ ಮ್ಯೂಸಿಯಂ ಕಟ್ಟಿಸಲು ವರ್ಷಗಟ್ಟಲೆ ಓಡಾಡಿದ. 2006ರಲ್ಲಿ ಅದು ತೆರೆಯಿತು. 2012ರಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡ. ಕೊಪ್ಪಿ ನಲವತ್ತಕ್ಕೇ ಮಲೇರಿಯಾದಿಂದ ಹೋಗಿದ್ದ, ಬಾರ್ತಲಿ 2000ದಲ್ಲಿ. ಮೂವರಲ್ಲಿ ಕೊನೆಯವರೆಗೆ ಉಳಿದು ಕಥೆ ಹೇಳಿದವನು ಮೂರನೆಯವನೇ.